ನಾಲ್ಕು ದಿನದ ಆಟ, ನಾಲ್ಕು ತಿಂಗಳ ಲೆಕ್ಕ

2024ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನ ಆರ್ಲಿಯನ್ಸ್ ಅರೀನಾದಲ್ಲಿ ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಗೊಂಜಾಗಾ ವಿಶ್ವವಿದ್ಯಾಲಯದ ತಂಡವನ್ನು 67–66ರಿಂದ ಸೋಲಿಸಿತು. ಅದು ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನ ಫೈನಲ್. ಅಲ್ಲಿಗೆ ಬರುವ ಮುನ್ನ ಗೊಂಜಾಗಾ ಲೀಗ್‌ನಲ್ಲಿ ಆಡಿದ 16 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ, ಪೋರ್ಟ್‌ಲ್ಯಾಂಡನ್ನೂ ಮಣಿಸಿತ್ತು. ಆದರೆ ಕಾನ್ಫರೆನ್ಸ್‌ನ ಅಧಿಕೃತ ಪ್ರತಿನಿಧಿಯಾಗಿ ರಾಷ್ಟ್ರೀಯ ಟೂರ್ನಿಗೆ ಹೋದದ್ದು ಪೋರ್ಟ್‌ಲ್ಯಾಂಡ್. ಚಳಿಗಾಲವಿಡೀ ಗೆದ್ದವರಿಗಿಂತ ಒಂದು ಮಧ್ಯಾಹ್ನ ಒಂದೇ ಒಂದು ಪಾಯಿಂಟ್ ಹೆಚ್ಚು ಗಳಿಸಿದವರು ದೊಡ್ಡವರಾದರೆ? ಅಮೆರಿಕದ ಕಾಲೇಜು ಕ್ರೀಡೆಯನ್ನು ಹೊರಗಿನಿಂದ ನೋಡುವ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು. ಒಳಗಿನವರೂ ಪ್ರತಿ ಮಾರ್ಚ್‌ನಲ್ಲಿ ಇದನ್ನೇ ಕೇಳಿಕೊಳ್ಳುತ್ತಾರೆ. ನನ್ನ ವಾದ ಇಷ್ಟೇ: ಕಾನ್ಫರೆನ್ಸ್ ಟೂರ್ನಿಯನ್ನು ‘ಅತ್ಯುತ್ತಮ ತಂಡ ಯಾವುದು’ ಎಂದು ಹೇಳುವ ತಕ್ಕಡಿಯೆಂದು ನೋಡಿದರೆ ಅದು ಅನ್ಯಾಯದ್ದೇ. ಆದರೆ ಅದರ ನಿಜವಾದ ಕೆಲಸ ತೂಗುವುದಲ್ಲ, ಅವಕಾಶ ಹಂಚುವುದು. ಆ ಕೆಲಸವನ್ನು, ಅದರಲ್ಲೂ ಮಹಿಳೆಯರ ಆಟದಲ್ಲಿ, ಅದರಷ್ಟು ಚೆನ್ನಾಗಿ ಮಾಡುವ ಇನ್ನೊಂದು ವ್ಯವಸ್ಥೆ ಸದ್ಯಕ್ಕೆ ಇಲ್ಲ.

ವ್ಯವಸ್ಥೆಯ ಪರಿಚಯ ಸ್ವಲ್ಪ ಬೇಕು. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಕಾಲೇಜುಗಳಿವೆ. ಅವೆಲ್ಲ ಕಾನ್ಫರೆನ್ಸ್ ಎಂಬ ಒಕ್ಕೂಟಗಳಾಗಿ ಹಂಚಿಹೋಗಿವೆ. ನವೆಂಬರ್‌ನಲ್ಲಿ ಆಟ ಶುರು, ಹೊಸ ವರ್ಷದ ಹೊತ್ತಿಗೆ ತಂತಮ್ಮ ಕಾನ್ಫರೆನ್ಸ್‌ನೊಳಗಿನ ಲೀಗ್ ಬಿಸಿಯೇರುತ್ತದೆ, ಮಾರ್ಚ್ ಮೊದಲೆರಡು ವಾರಗಳಲ್ಲಿ ಪ್ರತಿ ಕಾನ್ಫರೆನ್ಸ್, ಬಹುಮಟ್ಟಿಗೆ ಒಂದು ಊರಲ್ಲಿ ಸೇರಿ, ಸೋತವರು ಮನೆಗೆ ಎನ್ನುವ ಟೂರ್ನಿ ನಡೆಸುತ್ತದೆ. ಗೆದ್ದ ತಂಡಕ್ಕೆ 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. 2025ರಲ್ಲಿ ಹೀಗೆ ನೇರವಾಗಿ ಬಂದವು 31 ತಂಡಗಳು. ಉಳಿದ 37 ಜಾಗಗಳನ್ನು ಆಯ್ಕೆ ಸಮಿತಿಯೊಂದು ಕೂತು ತುಂಬಿತು. ಈ ಎರಡು ಬಾಗಿಲುಗಳ ನಡುವಿನ ವ್ಯತ್ಯಾಸದಲ್ಲೇ ಇಡೀ ಚರ್ಚೆಯ ತಿರುಳಿದೆ.

ಟೂರ್ನಿ ಬೇಡವೆನ್ನುವವರ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷ್ಯದಿಂದಲೇ ಹೊರಡೋಣ. 1998ರಲ್ಲಿ ಹಾರ್ವರ್ಡ್‌ನ ಮಹಿಳೆಯರು 16ನೇ, ಅಂದರೆ ತಮ್ಮ ವಿಭಾಗದ ಕಟ್ಟಕಡೆಯ, ಶ್ರೇಯಾಂಕದವರಾಗಿ ಹೋಗಿ, ಅಗ್ರ ಶ್ರೇಯಾಂಕದ ಸ್ಟ್ಯಾನ್‌ಫರ್ಡ್ ತಂಡವನ್ನು ಅದರದೇ ಅಂಗಣದಲ್ಲಿ 71–67ರಿಂದ ಸೋಲಿಸಿದರು. ಪುರುಷರ ಟೂರ್ನಿಯಲ್ಲಾಗಲಿ ಮಹಿಳೆಯರ ಟೂರ್ನಿಯಲ್ಲಾಗಲಿ ಅಲ್ಲಿಯವರೆಗೆ ಅಂಥದ್ದು ನಡೆದಿರಲಿಲ್ಲ; ಪುರುಷರು ಅದನ್ನು ನೋಡಲು ಇನ್ನೂ 20 ವರ್ಷ ಕಾಯಬೇಕಾಯಿತು. ಆ ದಿನ ಆಲಿಸನ್ ಫೀಸ್ಟರ್ 35 ಪಾಯಿಂಟ್ ಗಳಿಸಿದರು. ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು ಗಾಯಗೊಂಡು ಹೊರಗಿದ್ದರು ಎಂಬುದನ್ನೂ ಹೇಳಬೇಕು, ಆದರೂ ಸಾಧನೆ ಸಾಧನೆಯೇ. ಇಲ್ಲಿ ಗಮನಿಸಬೇಕಾದ್ದು, ಹಾರ್ವರ್ಡ್ ಆಡುವ ಐವಿ ಲೀಗ್‌ನಲ್ಲಿ ಆಗ ಟೂರ್ನಿಯೇ ಇರಲಿಲ್ಲ. ಎಂಟು ಕಾಲೇಜುಗಳು, ಪ್ರತಿಯೊಂದೂ ಉಳಿದ ಏಳರ ಎದುರು ತವರಿನಲ್ಲೊಮ್ಮೆ, ಪರ ಊರಲ್ಲೊಮ್ಮೆ, ಒಟ್ಟು 14 ಪಂದ್ಯ. ಮೇಲೆ ನಿಂತವರು ರಾಷ್ಟ್ರೀಯ ಟೂರ್ನಿಗೆ. ನಿಜವಾಗಿ ಬಲಿಷ್ಠವಾದ ತಂಡವನ್ನು ಕಳಿಸಿದ್ದರಿಂದಲೇ ಸಣ್ಣ ಲೀಗ್ ದೊಡ್ಡವರನ್ನು ಬೀಳಿಸಿತು, ಅದೇ ಜಾಗದಲ್ಲಿ ಒಂದು ವಾರಾಂತ್ಯದ ಅದೃಷ್ಟಶಾಲಿ ಮೂರನೇ ತಂಡ ಹೋಗಿದ್ದರೆ ಇದು ನಡೆಯುತ್ತಿರಲಿಲ್ಲ ಎಂದು ಹಳಬರು ವಾದಿಸಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಐವಿ ಲೀಗ್ ಇಂಥ ಟೂರ್ನಿ ಶುರು ಮಾಡಿದ್ದು 2017ರಲ್ಲಿ, ಅದೂ ಅಗ್ರ ನಾಲ್ಕು ತಂಡಗಳಿಗೆ ಮಾತ್ರ ಪ್ರವೇಶ ಕೊಟ್ಟು. ಆ ಹಿಂಜರಿಕೆಗೆ ಅರ್ಥವಿತ್ತು.

ಆದರೆ ಈ ವಾದ ನಿಂತಿರುವುದು ಒಂದು ನಂಬಿಕೆಯ ಮೇಲೆ: ಲೀಗ್ ಪಟ್ಟಿ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆದಿರುತ್ತದೆ ಎಂಬ ನಂಬಿಕೆ. ಎಂಟು ತಂಡಗಳ ಐವಿಯಲ್ಲಿ ಅದು ನಿಜ. 18 ತಂಡಗಳ ಬಿಗ್ ಟೆನ್‌ನಲ್ಲಿ? (ಹೆಸರಿನಲ್ಲಿ ಹತ್ತು, ಲೆಕ್ಕದಲ್ಲಿ ಹದಿನೆಂಟು, ಅಮೆರಿಕದವರಿಗೆ ಇದರಿಂದ ಯಾವ ಮುಜುಗರವೂ ಇದ್ದಂತಿಲ್ಲ.) ಅಲ್ಲಿ ಒಂದು ತಂಡಕ್ಕೆ ಸಿಗುವುದು 18 ಲೀಗ್ ಪಂದ್ಯ, ಎದುರಾಳಿಗಳು 17. ಅಂದರೆ ಒಬ್ಬರ ಜೊತೆ ಎರಡು ಸಲ ಆಡಿದರೆ ಉಳಿದವರ ಜೊತೆ ಒಂದೇ ಸಲ, ಅದು ತವರಿನಲ್ಲೋ ಎದುರಾಳಿಯ ಊರಿನಲ್ಲೋ ಎಂಬುದನ್ನು ವೇಳಾಪಟ್ಟಿ ಮಾಡುವವರು ತೀರ್ಮಾನಿಸುತ್ತಾರೆ. ಕಷ್ಟದ ಐದು ಪಂದ್ಯ ತವರಿನಲ್ಲಿ ಬಿದ್ದವರಿಗೂ ಪರಸ್ಥಳದಲ್ಲಿ ಬಿದ್ದವರಿಗೂ ಒಂದೇ ಪಟ್ಟಿ. 16 ತಂಡಗಳ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಕಥೆಯೂ ಇದೇ: 15 ಎದುರಾಳಿ, 16 ಪಂದ್ಯ. 2025ರಲ್ಲಿ ಅಲ್ಲಿ ಸೌತ್ ಕ್ಯಾರೊಲೈನಾ ಮತ್ತು ಟೆಕ್ಸಸ್ ಎರಡೂ 15 ಗೆದ್ದು ಒಂದು ಸೋತವು. ಪರಸ್ಪರ ಆಡಿದ ಎರಡು ಪಂದ್ಯಗಳಲ್ಲಿ ಒಂದು ತಂಡ ಜನವರಿಯಲ್ಲಿ ತನ್ನ ಊರಲ್ಲಿ ಗೆದ್ದಿತ್ತು, ಇನ್ನೊಂದು ಫೆಬ್ರುವರಿಯಲ್ಲಿ ತನ್ನ ಊರಲ್ಲಿ. ಟೂರ್ನಿಯ ಅಗ್ರ ಶ್ರೇಯಾಂಕ ಯಾರಿಗೆ ಕೊಡಬೇಕೆಂಬುದು ಕೊನೆಗೂ ಇತ್ಯರ್ಥವಾದದ್ದು ಟಿ.ವಿ. ಕ್ಯಾಮೆರಾದ ಎದುರು ಕಮಿಷನರ್ ಗ್ರೆಗ್ ಸ್ಯಾಂಕಿ ಚಿಮ್ಮಿದ ನಾಣ್ಯದಿಂದ! ಅದು ಸೌತ್ ಕ್ಯಾರೊಲೈನಾ ಪರವಾಗಿ ಬಿತ್ತು. ಒಂದು ವಾರದ ನಂತರ ಇಬ್ಬರೂ ಫೈನಲ್‌ನಲ್ಲಿ ಮುಖಾಮುಖಿಯಾದಾಗ ಫಲಿತಾಂಶ 64–45, ಸೌತ್ ಕ್ಯಾರೊಲೈನಾ ಪರ. ಚಳಿಗಾಲವಿಡೀ ನಡೆದ ಲೀಗ್ ನಾಣ್ಯಕ್ಕೆ ಒಪ್ಪಿಸಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟೂರ್ನಿಯ 40 ನಿಮಿಷಗಳಲ್ಲಿ.

ಅದೇ ವರ್ಷ ಬಿಗ್ ಟೆನ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಲಾಸ್ ಏಂಜಲೀಸ್‌ನ ಎರಡು ನೆರೆಹೊರೆಯ ವಿಶ್ವವಿದ್ಯಾಲಯಗಳು, ಯುಸಿಎಲ್‌ಎ ಮತ್ತು ಯುಎಸ್‌ಸಿ, ಹಳೆಯ ಪ್ಯಾಕ್-12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್‌ಗೆ ಬಂದಿದ್ದವು. ಲೀಗ್ ಹಂತದಲ್ಲಿ ಯುಎಸ್‌ಸಿ ಎರಡು ಸಲವೂ ಯುಸಿಎಲ್‌ಎಯನ್ನು ಸೋಲಿಸಿ ಲೀಗ್ ಪ್ರಶಸ್ತಿ ಎತ್ತಿತು. ಯುಸಿಎಲ್‌ಎ ಅಲ್ಲಿಯವರೆಗೆ ಸೋತಿದ್ದು ಆ ಎರಡೇ ಪಂದ್ಯ. ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಟೂರ್ನಿಯ ಫೈನಲ್‌ನಲ್ಲಿ ಯುಸಿಎಲ್‌ಎ 72–67ರಿಂದ ಗೆದ್ದಿತು, ಅದರ ಬೆನ್ನಿಗೇ ಇಡೀ ದೇಶದ ಮೊದಲ ಶ್ರೇಯಾಂಕವೂ ಅದಕ್ಕೇ ಸಿಕ್ಕಿತು. ಎರಡು ಸಲ ಗೆದ್ದವರಿಗಿಂತ ಒಂದು ಸಲ ಗೆದ್ದವರು ಮೇಲೆ ಹೋದರಲ್ಲ ಎಂದು ಯುಎಸ್‌ಸಿ ಅಭಿಮಾನಿ ಸಿಡಿಮಿಡಿಗೊಂಡರೆ ತಪ್ಪಿಲ್ಲ. ಆದರೆ ರಾಷ್ಟ್ರೀಯ ಟೂರ್ನಿಯ ನಾಲ್ಕು ವಿಭಾಗಗಳಲ್ಲಿ ಒಂದರ ಅಗ್ರ ಶ್ರೇಯಾಂಕ ಯುಎಸ್‌ಸಿಗೂ ದೊರಕಿತು. ಆ ಸೋಲಿನಿಂದ ಅದು ಕಳೆದುಕೊಂಡದ್ದು ಕಡಿಮೆ. ಇಂಥ ಬಲಿಷ್ಠ ತಂಡಗಳು ಕಾನ್ಫರೆನ್ಸ್ ಟೂರ್ನಿಯಲ್ಲಿ ಸೋತರೂ ಬೀದಿಗೆ ಬೀಳುವುದಿಲ್ಲ. ಗೊಂಜಾಗಾವನ್ನೇ ನೋಡಿ. ಪೋರ್ಟ್‌ಲ್ಯಾಂಡ್ ಎದುರು ಸೋತ ಮೇಲೂ ಆಯ್ಕೆ ಸಮಿತಿ ಅದಕ್ಕೆ ನಾಲ್ಕನೇ ಶ್ರೇಯಾಂಕ ಕೊಟ್ಟಿತು, ಮೊದಲೆರಡು ಸುತ್ತುಗಳನ್ನು ಅದು ತನ್ನೂರು ಸ್ಪೋಕೇನ್‌ನಲ್ಲೇ ಆಡಿತು, ಎರಡನ್ನೂ ಗೆದ್ದಿತು.

‘ತನ್ನೂರಿನಲ್ಲೇ’ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಹಿಳೆಯರ ಟೂರ್ನಿ ಪುರುಷರದ್ದಕ್ಕಿಂತ ಬೇರೆಯಾಗುವುದು ಇಲ್ಲಿ. ಪುರುಷರ ರಾಷ್ಟ್ರೀಯ ಟೂರ್ನಿಯ ಪಂದ್ಯಗಳೆಲ್ಲ ಮೊದಲೇ ಗೊತ್ತುಮಾಡಿದ ಊರುಗಳಲ್ಲಿ ನಡೆಯುತ್ತವೆ. ಮಹಿಳೆಯರಲ್ಲಿ ಅಗ್ರ 16 ತಂಡಗಳಿಗೆ ಮೊದಲೆರಡು ಸುತ್ತುಗಳ ಆತಿಥ್ಯ ಸಿಗುತ್ತದೆ: ತಮ್ಮ ಅಂಗಣ, ತಮ್ಮ ಪ್ರೇಕ್ಷಕರು, ತಮ್ಮ ಹಾಸಿಗೆ. ಆದ್ದರಿಂದ ಹದಿನಾರನೆಯವರಿಗೂ ಹದಿನೇಳನೆಯವರಿಗೂ ನಡುವಿನ ಅಂತರ ಪಟ್ಟಿಯಲ್ಲಿ ಕಾಣುವಷ್ಟು ಸಣ್ಣದಲ್ಲ. ಮಾರ್ಚ್ ಮೊದಲ ವಾರದ ಒಂದು ಗೆಲುವು ತಂಡವೊಂದನ್ನು ಆ ಗೆರೆಯ ಈಚೆಗೆ ಎಳೆದುಕೊಳ್ಳಬಹುದು, ಒಂದು ಸೋಲು ಆಚೆಗೆ ದೂಡಬಹುದು. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಟೂರ್ನಿಗೆ ಇರುವ ನಿಜವಾದ ಬೆಲೆ ಇದು. ಇದಿಲ್ಲದಿದ್ದರೆ, ರಾಷ್ಟ್ರೀಯ ಟೂರ್ನಿಗೆ ಹೇಗೂ ಹೋಗುವ ತಂಡಗಳ ನಡುವಿನ ಆ ನಾಲ್ಕೈದು ದಿನದ ಆಟ ಬರೀ ಪ್ರದರ್ಶನ ಪಂದ್ಯಗಳ ಸಾಲಾಗಿಬಿಡುತ್ತಿತ್ತು.

ಪ್ರದರ್ಶನಕ್ಕೂ ಒಂದು ಬೆಲೆ ಇದೆ ಅನ್ನಿ. 2024ರ ಮಾರ್ಚ್‌ನಲ್ಲಿ ಗ್ರೀನ್‌ವಿಲ್‌ನಲ್ಲಿ ನಡೆದ ಸೌತ್‌ಈಸ್ಟರ್ನ್ ಟೂರ್ನಿಯ ಸೆಮಿಫೈನಲ್‌ನ ಕೊನೆಯ ಕ್ಷಣಗಳು ಹೀಗಿದ್ದವು. ಅಜೇಯವಾಗಿದ್ದ ಸೌತ್ ಕ್ಯಾರೊಲೈನಾ ದೊಡ್ಡ ಮುನ್ನಡೆಯನ್ನು ಕರಗಿಸಿಕೊಂಡು ಟೆನೆಸಿ ಎದುರು 71–73ರಿಂದ ಹಿಂದಿದೆ. ಗಡಿಯಾರದಲ್ಲಿ ಉಳಿದಿರುವುದು 1.1 ಸೆಕೆಂಡ್. ಚೆಂಡು ಹೋದದ್ದು ಆರಡಿ ಏಳಂಗುಲದ ಬ್ರೆಜಿಲ್‌ನ ಹುಡುಗಿ ಕಾಮಿಲಾ ಕಾರ್ಡೋಸೊ ಕೈಗೆ. ಬುಟ್ಟಿಯ ಕೆಳಗೆ ನಿಂತು ಆಡುವುದು ಅವರ ಕೆಲಸ. ಕಾಲೇಜು ಆಟದಲ್ಲಿ ಅದುವರೆಗೆ ಒಂದೂ ಮೂರು ಪಾಯಿಂಟ್ ಎಸೆತ ಅವರಿಂದ ಬುಟ್ಟಿಗೆ ಬಿದ್ದಿರಲಿಲ್ಲ. ಮೂರು ಪಾಯಿಂಟ್ ಗೆರೆಯ ಹೊರಗೆ ನಿಂತು ಎಸೆದರು, ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು: 74–73. ತಂಡ ಆ ವರ್ಷ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ತಮಾಷೆಯೆಂದರೆ, ಆ ಚೆಂಡು ಬುಟ್ಟಿಗೆ ಬೀಳದಿದ್ದರೂ ಸೌತ್ ಕ್ಯಾರೊಲೈನಾಕ್ಕೆ ಅಗ್ರ ಶ್ರೇಯಾಂಕ ತಪ್ಪುತ್ತಿರಲಿಲ್ಲ, ಟೆನೆಸಿ ಸೋತರೂ ರಾಷ್ಟ್ರೀಯ ಟೂರ್ನಿಗೆ ಹೋಯಿತು. ಪಣಕ್ಕೆ ಅಷ್ಟೇನೂ ಇರದ ಪಂದ್ಯದಲ್ಲಿ ಅವರು ಹಾಗೆ ಕಾದಾಡಿದರು. ಮರುದಿನದ ಫೈನಲ್‌ನಲ್ಲಿ ಲೂಸಿಯಾನಾ ಸ್ಟೇಟ್ ತಂಡದ ಆಟಗಾರ್ತಿಯೊಬ್ಬರನ್ನು ನೂಕಿದ್ದಕ್ಕೆ ಇದೇ ಕಾರ್ಡೋಸೊ ಅಂಗಣದಿಂದ ಹೊರಬಿದ್ದರು ಎಂಬುದೂ ದಾಖಲೆಯಲ್ಲಿದೆ.

ಅದೇ ವಾರಾಂತ್ಯ ಮಿನಿಯಾಪೊಲಿಸ್‌ನಲ್ಲಿ ಬಿಗ್ ಟೆನ್ ಟೂರ್ನಿಯ ಟಿಕೆಟ್‌ಗಳೆಲ್ಲ ಮುಂಗಡವಾಗಿಯೇ ಖರ್ಚಾಗಿದ್ದವು, ಐದು ದಿನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು. ಫೈನಲ್‌ನಲ್ಲಿ ಕೈಟ್ಲಿನ್ ಕ್ಲಾರ್ಕ್ ಗಳಿಸಿದ 34 ಪಾಯಿಂಟ್‌ಗಳ ಬಲದಿಂದ ಅಯೋವಾ ತಂಡ ಹೆಚ್ಚುವರಿ ಅವಧಿಯಲ್ಲಿ ನೆಬ್ರಾಸ್ಕಾವನ್ನು 94–89ರಿಂದ ಸೋಲಿಸಿತು. ‘ಇದೆಲ್ಲ ದುಡ್ಡಿಗಾಗಿ’ ಎಂಬ ಎರಡನೇ ಆಕ್ಷೇಪ ಇಲ್ಲಿ ತಲೆಯೆತ್ತುತ್ತದೆ. ಹೌದು, ದುಡ್ಡಿಗಾಗಿಯೇ. ಮುಚ್ಚಿಡುವಂಥದ್ದೇನಿಲ್ಲ. ಆದರೆ ಈ ಆಕ್ಷೇಪವನ್ನು ಮಹಿಳೆಯರ ಆಟದ ಮೇಲೆ ಹೊರಿಸುವಾಗ ಸ್ವಲ್ಪ ಇತಿಹಾಸ ನೆನಪಿರಬೇಕು. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಒಂದು ತಂಡ ಎಷ್ಟು ಮುಂದೆ ಹೋಯಿತೆಂಬುದರ ಮೇಲೆ ಅದರ ಕಾನ್ಫರೆನ್ಸ್‌ಗೆ ಎನ್‌ಸಿಎಎ ಹಣ ಕೊಡುವ ಪದ್ಧತಿ ದಶಕಗಳಿಂದ ಇದೆ. ಮಹಿಳೆಯರ ತಂಡ ಎಷ್ಟೇ ಗೆದ್ದರೂ ಕಾನ್ಫರೆನ್ಸ್‌ಗೆ ಆ ಬಾಬತ್ತಿನಲ್ಲಿ ಬರುತ್ತಿದ್ದದ್ದು ಸೊನ್ನೆ. 2021ರ ರಾಷ್ಟ್ರೀಯ ಟೂರ್ನಿಯ ವೇಳೆ ಪುರುಷರಿಗೆ ಸುಸಜ್ಜಿತ ವ್ಯಾಯಾಮಶಾಲೆ, ಮಹಿಳೆಯರಿಗೆ ಒಂದಿಷ್ಟು ಡಂಬೆಲ್‌ಗಳ ಒಂಟಿ ಸ್ಟ್ಯಾಂಡ್ ಎಂಬುದನ್ನು ಒರೆಗಾನ್‌ನ ಆಟಗಾರ್ತಿ ಸೆಡೋನಾ ಪ್ರಿನ್ಸ್ ವಿಡಿಯೊ ಮಾಡಿ ಜಗತ್ತಿಗೆ ತೋರಿಸಿದ ಮೇಲೆ ವಿಚಾರಣೆ ನಡೆಯಿತು, ಅಲ್ಲಿಯವರೆಗೆ ಪುರುಷರ ರಾಷ್ಟ್ರೀಯ ಟೂರ್ನಿಗಷ್ಟೇ ಮೀಸಲಾಗಿದ್ದ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರನ್ನು ಮಹಿಳೆಯರೂ ಬಳಸಬಹುದೆಂದು ಮರುವರ್ಷದಿಂದ ಅಪ್ಪಣೆಯಾಯಿತು. 2024ರ ಮಹಿಳಾ ರಾಷ್ಟ್ರೀಯ ಫೈನಲ್ ಅನ್ನು ಟಿ.ವಿ.ಯಲ್ಲಿ ನೋಡಿದವರ ಸಂಖ್ಯೆ ಪುರುಷರ ಫೈನಲ್‌ಗಿಂತ ಹೆಚ್ಚು. ಅದಾದ ಮೇಲೆ 2025ರ ಜನವರಿಯಲ್ಲಿ ಎನ್‌ಸಿಎಎ ಸದಸ್ಯರು ಮಹಿಳಾ ತಂಡಗಳ ಗೆಲುವಿಗೂ ಹಣ ಹಂಚಲು ಒಪ್ಪಿದರು: ಮೊದಲ ವರ್ಷ ಒಂದೂವರೆ ಕೋಟಿ ಡಾಲರ್, ಮೂರನೆಯ ವರ್ಷದ ಹೊತ್ತಿಗೆ ಎರಡೂವರೆ ಕೋಟಿ. ಪುರುಷರ ಆಟ ದುಡ್ಡು ಮಾಡಿದಾಗ ಸಂಪ್ರದಾಯ, ಮಹಿಳೆಯರ ಆಟ ದುಡ್ಡು ಮಾಡಲು ಹೊರಟಾಗ ವ್ಯಾಪಾರ ಎನ್ನುವುದು ನ್ಯಾಯವಲ್ಲ.

ಈ ಹಣದ ಲೆಕ್ಕದಿಂದಲೇ ಒಂದು ಹೊಸ ತೊಡಕೂ ಹುಟ್ಟಿದೆ, ಅದನ್ನು ಟೂರ್ನಿಯ ಪರ ವಾದಿಸುವವರು ಒಪ್ಪಿಕೊಳ್ಳಬೇಕು. ಸಣ್ಣ ಕಾನ್ಫರೆನ್ಸ್ ಒಂದಕ್ಕೆ ಈಗ ತನ್ನ ಅತ್ಯಂತ ಬಲಿಷ್ಠ ತಂಡ ಮುಂದೆ ಹೋದರೆ ಲಾಭ. ಪ್ರತಿ ಗೆಲುವಿಗೂ ದುಡ್ಡಿದೆ. ಟೂರ್ನಿಯಲ್ಲಿ ಆ ತಂಡ ಮುಗ್ಗರಿಸಿ ಐದನೆಯವರು ಹೋದರೆ ಮೊದಲ ಸುತ್ತಿನಲ್ಲೇ ಕಥೆ ಮುಗಿಯುವ ಸಂಭವ ಹೆಚ್ಚು. ಹಾಗಾದರೆ ಸಣ್ಣವರಾದರೂ ಟೂರ್ನಿ ಬಿಟ್ಟುಕೊಡಬಾರದೇಕೆ? ಇದಕ್ಕೆ ಉತ್ತರ 2025ರ ಆಯ್ಕೆ ಪಟ್ಟಿಯಲ್ಲಿದೆ. ಬಿಗ್ ಟೆನ್‌ನಿಂದ 12 ತಂಡ, ಸೌತ್‌ಈಸ್ಟರ್ನ್‌ನಿಂದ 10, ಅಟ್ಲಾಂಟಿಕ್ ಕೋಸ್ಟ್‌ನಿಂದ 8, ಬಿಗ್ 12ರಿಂದ 7. ಈ ನಾಲ್ಕು ಕಾನ್ಫರೆನ್ಸ್‌ಗಳ ನಾಲ್ಕು ಚಾಂಪಿಯನ್ನರನ್ನು ಕಳೆದರೆ, ಸಮಿತಿ ತುಂಬಿದ 37 ಜಾಗಗಳಲ್ಲಿ 33 ಇವರ ಪಾಲು. ಮಿಕ್ಕ 27 ಕಾನ್ಫರೆನ್ಸ್‌ಗಳಿಗೆಲ್ಲ ಸೇರಿ ಉಳಿದದ್ದು ನಾಲ್ಕು: ಕೊಲಂಬಿಯಾ, ಪ್ರಿನ್ಸ್‌ಟನ್, ಕ್ರೈಟನ್, ರಿಚ್‌ಮಂಡ್. ಅಂದರೆ ಸಣ್ಣ ಕಾಲೇಜಿನ ಹುಡುಗಿಯರಿಗೆ ಸಮಿತಿಯ ಬಾಗಿಲು ಮುಚ್ಚಿದಂತೆಯೇ. ಇನ್ನು ಉಳಿದ ಒಂದೇ ಬಾಗಿಲನ್ನೂ ಫೆಬ್ರುವರಿಯಲ್ಲೇ, ಲೀಗ್ ಅಗ್ರಸ್ಥಾನ ಖಚಿತವಾದ ದಿನವೇ, ಒಬ್ಬರಿಗೆ ತೆರೆದು ಉಳಿದವರಿಗೆ ಜಡಿದುಬಿಟ್ಟರೆ ಹತ್ತು ಹನ್ನೆರಡು ತಂಡಗಳು ಆಮೇಲೆ ಆಡುವುದು ಯಾತಕ್ಕೆ?

ಬಿಗ್ ಸ್ಕೈ ಕಾನ್ಫರೆನ್ಸ್‌ನ ಉದಾಹರಣೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ, ಅದರಲ್ಲಿ ನಮಗೂ ಒಂದು ಎಳೆ ಇದೆ. ಅರಿಜೋನಾದ ಬೆಟ್ಟದೂರು ಫ್ಲ್ಯಾಗ್‌ಸ್ಟಾಫ್‌ನ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಆಡಿದ ಸಂಜನಾ ರಮೇಶ್ ಬೆಂಗಳೂರಿನವರು, ಭಾರತ ತಂಡದ ಆಟಗಾರ್ತಿ. ಆ ವಿಶ್ವವಿದ್ಯಾಲಯದ ಮಹಿಳಾ ತಂಡ ರಾಷ್ಟ್ರೀಯ ಟೂರ್ನಿ ಕಂಡದ್ದು 2006ರಲ್ಲಿ ಒಮ್ಮೆ. 2022, 2023, 2024 ಹೀಗೆ ಸತತ ಮೂರು ವರ್ಷ ಅದು ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ನಡೆಯುವ ಬಿಗ್ ಸ್ಕೈ ಟೂರ್ನಿಯ ಫೈನಲ್ ತಲುಪಿತು. ಮೂರೂ ಸಲ ಸೋತಿತು, ಕ್ರಮವಾಗಿ ಮೊಂಟಾನಾ ಸ್ಟೇಟ್, ಸ್ಯಾಕ್ರಮೆಂಟೊ ಸ್ಟೇಟ್, ಈಸ್ಟರ್ನ್ ವಾಷಿಂಗ್ಟನ್ ಎದುರು. ಮೂರು ವರ್ಷ ಬಾಗಿಲ ತನಕ ಹೋಗಿ ವಾಪಸಾದ ತಂಡ ಈ ವ್ಯವಸ್ಥೆಯನ್ನು ಶಪಿಸಿದರೆ ಯಾರೂ ಬೇಸರಪಡಬೇಕಿಲ್ಲ. ಆದರೆ ಅದೇ 2023ರಲ್ಲಿ ಗೆದ್ದ ಸ್ಯಾಕ್ರಮೆಂಟೊ ಸ್ಟೇಟ್‌ಗೆ ಅದು ತನ್ನ ಚರಿತ್ರೆಯಲ್ಲೇ ಮೊದಲ ರಾಷ್ಟ್ರೀಯ ಟೂರ್ನಿ. ಮುಂದೆ ಯುಸಿಎಲ್‌ಎ ಎದುರು ಮೊದಲ ಸುತ್ತಿನಲ್ಲೇ ಸೋತರು, ಅದು ನಿರೀಕ್ಷಿತವೇ. ಬಿಗ್ ಸ್ಕೈನಂಥ ಕಾನ್ಫರೆನ್ಸ್‌ನಲ್ಲಿ ಫೈನಲ್ ಸೋತವರನ್ನು ಸಮಿತಿ ಕರೆಯುವುದು ಅಪರೂಪ; ಗೊಂಜಾಗಾಕ್ಕೆ ಸಿಕ್ಕ ಎರಡನೇ ಬಾಗಿಲು ಅವರಿಗಿಲ್ಲ. ಗ್ರೀನ್‌ವಿಲ್‌ನ ಸೆಮಿಫೈನಲ್‌ನಲ್ಲಿ ಇಲ್ಲದ ಪಣ ಬಾಯ್ಸಿಯ ಫೈನಲ್‌ನಲ್ಲಿದೆ. ಹೆಸರು ಒಂದೇ ಆದರೂ ಇವು ಎರಡು ಬೇರೆ ಬೇರೆ ಆಟಗಳು.

ಲೀಗ್ ಗೆದ್ದೂ ಟೂರ್ನಿಯಲ್ಲಿ ಸೋತ ಸಣ್ಣ ತಂಡದ ಪಾಡೇನು ಎಂಬ ಪ್ರಶ್ನೆ ಉಳಿಯುತ್ತದೆ. 2024ರಲ್ಲಿ ಆರಂಭವಾದ 32 ತಂಡಗಳ ಡಬ್ಲ್ಯುಬಿಐಟಿ ಎಂಬ ಎರಡನೇ ಹಂತದ ಟೂರ್ನಿಯಲ್ಲಿ ಅಂಥವರಿಗೆ ಜಾಗ ಖಾತ್ರಿಯಾಗಿದೆ. ಸಮಾಧಾನಕರ ಬಹುಮಾನ ಎನ್ನಿ, ಬೇಡವೆನ್ನುವಂಥದ್ದಲ್ಲ. ಇನ್ನೊಂದು ತುದಿಯಲ್ಲಿ, ಒಂದೇ ತಂಡ ಎಲ್ಲರನ್ನೂ ನುಂಗಿಹಾಕುವ ಕಡೆ ಟೂರ್ನಿ ಏಕೆ ಬೇಕು ಎಂಬ ಆಕ್ಷೇಪವಿದೆ. ಕನೆಕ್ಟಿಕಟ್ ತಂಡ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ನಲ್ಲಿದ್ದ ಏಳು ವರ್ಷಗಳಲ್ಲಿ ಲೀಗ್ ಮತ್ತು ಟೂರ್ನಿ ಸೇರಿ 139 ಪಂದ್ಯ ಆಡಿ 139ನ್ನೂ ಗೆದ್ದಿತು. ನೋಡುವವರಿಗೆ ಆಕಳಿಕೆ ಬಂದಿರಬಹುದು, ಒಪ್ಪುತ್ತೇನೆ. ಆದರೆ ಆ ಏಳು ವರ್ಷ ಲೀಗ್ ಪಟ್ಟಿಯೇನು ಟೂರ್ನಿಗಿಂತ ಹೆಚ್ಚು ರೋಚಕವಾಗಿತ್ತೇ? ರೋಗ ಇದ್ದದ್ದು ಬೇರೆಡೆ.

ನಿಜವಾಗಿ ತಿದ್ದಬೇಕಾದ್ದು ಟೂರ್ನಿ ನಡೆಯುವ ಜಾಗವನ್ನು. ತಟಸ್ಥ ಅಂಗಣ ಎನ್ನುತ್ತಾರೆ, ಆದರೆ ಗ್ರೀನ್‌ವಿಲ್ ಇರುವುದು ಸೌತ್ ಕ್ಯಾರೊಲೈನಾ ರಾಜ್ಯದಲ್ಲೇ, ವಿಶ್ವವಿದ್ಯಾಲಯ ಇರುವ ಕೊಲಂಬಿಯಾದಿಂದ ಸುಮಾರು 160 ಕಿಲೋಮೀಟರ್. ಅಂಗಣ ತುಂಬ ಯಾರ ಬಣ್ಣದ ಅಂಗಿಗಳು ಕಾಣುತ್ತವೆಂದು ಊಹಿಸಬಹುದು. ದೊಡ್ಡವರ ವಿಷಯ ಬಿಡಿ, ಅವರ ಆಟ ಎಲ್ಲಿ ನಡೆದರೂ ಜನ ಬರುತ್ತಾರೆ. ಒಂದೇ ಜಾಗ ಸಿಗುವ ಸಣ್ಣ ಕಾನ್ಫರೆನ್ಸ್‌ಗಳು ಮಾತ್ರ ದೂರದ ಊರಿನ ಅರ್ಧ ಖಾಲಿ ಅರೀನಾ ಬಿಟ್ಟು, ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದವರ ಕಾಲೇಜಿನಲ್ಲೇ ಟೂರ್ನಿಯ ಪಂದ್ಯಗಳನ್ನು ಆಡಿಸಬೇಕು. ಪೇಟ್ರಿಯಟ್ ಲೀಗ್, ಅಮೆರಿಕ ಈಸ್ಟ್‌ನಂಥ ಕೆಲವು ಕಾನ್ಫರೆನ್ಸ್‌ಗಳು ಹೀಗೇ ಮಾಡುತ್ತಿವೆ. ವೆಸ್ಟ್ ಕೋಸ್ಟ್‌ನವರು ಇನ್ನೊಂದು ಬಗೆಯಲ್ಲಿ, ಅಗ್ರ ಎರಡು ತಂಡಗಳನ್ನು ನೇರ ಸೆಮಿಫೈನಲ್‌ಗೆ ಕಳಿಸಿ, ಲೀಗ್‌ನ ಶ್ರಮಕ್ಕೆ ಬೆಲೆ ಕೊಟ್ಟಿದ್ದರು. ಆದರೂ ಗೊಂಜಾಗಾ ಒಂದು ಪಾಯಿಂಟ್‌ನಿಂದ ಸೋತಿತಲ್ಲ ಎಂದರೆ, ಅದು ಆಟ. ತವರಿನ ಅಂಗಣ, ಸುತ್ತು ಹತ್ತದೆ ಸಿಗುವ ಬಡ್ತಿ ಇವೆರಡೂ ಚಳಿಗಾಲದ ಲೆಕ್ಕವನ್ನು ಮಾರ್ಚ್‌ಗೆ ಸಾಗಿಸುತ್ತವೆ, ಕೊನೆಯ ತಂಡದ ಅವಕಾಶವನ್ನು ಕಸಿಯದೆ. ಟಿ.ವಿ. ವಾಹಿನಿಗಳಿಗೆ ಇದು ರುಚಿಸದು: ಆತಿಥೇಯರು ಯಾರೆಂದು ಹಿಂದಿನ ವಾರದವರೆಗೂ ಗೊತ್ತಾಗದಿದ್ದರೆ ಕ್ಯಾಮೆರಾ, ತಂತಿ, ಸಿಬ್ಬಂದಿ ಎಲ್ಲಿಗೆ ಕಳಿಸುವುದು? ಅಭಿಮಾನಿಗಳಿಗೂ ಮೊದಲೇ ರಜೆ ಹಾಕಿ ವಿಮಾನದ ಟಿಕೆಟ್ ಕೊಳ್ಳಲಾಗದು. ಆ ತೊಂದರೆಗಳು ಇರುವಂಥವೇ. ಆದರೆ ಅವು ವಾಹಿನಿಯವರೂ ಕಾನ್ಫರೆನ್ಸ್ ಕಚೇರಿಯವರೂ ಒಂದು ವಾರ ಕೂತು ಬಗೆಹರಿಸಬಹುದಾದ ತೊಂದರೆಗಳು. ಪ್ರತಿ ಮಾರ್ಚ್‌ನಲ್ಲಿ ಅವುಗಳ ಖರ್ಚನ್ನು ಲೀಗ್ ಗೆದ್ದ ಹುಡುಗಿಯರ ಲೆಕ್ಕಕ್ಕೆ ಬರೆಯುವ ಅಗತ್ಯವಿಲ್ಲ.